ವಿಟಮಿನ್ ಡಿ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ? ಬಿಸಿಲು, ಆಹಾರ, ದಿನದ ಮಾತ್ರೆ ಮತ್ತು ವಾರದ ಪೊಟ್ಟಣಗಳ ಹೋಲಿಕೆ

ಆರೋಗ್ಯ ತಪಾಸಣೆಯ ಪ್ಯಾಕೇಜುಗಳಲ್ಲಿ ವಿಟಮಿನ್ ಡಿ ಪರೀಕ್ಷೆಯೂ ಸೇರಿಕೊಂಡ ಮೇಲೆ ನಮ್ಮ ಊರುಗಳಲ್ಲಿ ‘ನನಗೆ ಡಿ ಕಡಿಮೆಯಂತೆ’ ಎಂಬ ಮಾತು ಬಿ.ಪಿ., ಶುಗರ್‌ಗಳಷ್ಟೇ ಸಾಮಾನ್ಯವಾಗಿದೆ. ವರದಿಯಲ್ಲಿ 18 ಅಥವಾ 22 ಎಂಬ ಸಂಖ್ಯೆ ಕಂಡವರಲ್ಲಿ ಕೆಲವರು ನೇರವಾಗಿ ಔಷಧಿ ಅಂಗಡಿಗೆ ಹೋಗಿ 60,000 ಯೂನಿಟ್‌ನ ಪೊಟ್ಟಣ ಕೇಳುತ್ತಾರೆ. ಇನ್ನು ಕೆಲವರು, ಇಷ್ಟು ಬಿಸಿಲಿರುವ ನಾಡಿನಲ್ಲಿ ಇದೆಲ್ಲ ಏಕೆ ಎಂದು ವರದಿಯನ್ನೇ ಬದಿಗಿಡುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಕೊರತೆ ಇರುವವರಿಗೆ ವಿಟಮಿನ್ ಡಿ ನಿಜವಾದ ಔಷಧಿ. ಆದರೆ ದೇಹದಲ್ಲಿ ಸಾಕಷ್ಟು ಡಿ ಇರುವವರು ಇನ್ನಷ್ಟು ಸೇವಿಸಿದರೆ ಹೃದಯ, ಮೂಳೆ, ಮನಸ್ಸು ಎಲ್ಲವೂ ಸುಧಾರಿಸುತ್ತವೆ ಎಂಬ ನಿರೀಕ್ಷೆಯನ್ನು ಕಳೆದ ಹತ್ತು ವರ್ಷಗಳ ದೊಡ್ಡ ಪ್ರಯೋಗಗಳು ಬಹುಮಟ್ಟಿಗೆ ಅಲ್ಲಗಳೆದಿವೆ. ಹಾಗಾಗಿ ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ನಿಮ್ಮ ವಯಸ್ಸು, ಬದುಕಿನ ರೀತಿ ಮತ್ತು ಕಾಯಿಲೆಗಳನ್ನು ಗಮನದಲ್ಲಿಟ್ಟುಕೊಂಡು ಬಿಸಿಲು, ಆಹಾರ, ಸಣ್ಣ ಮಾತ್ರೆ, ದೊಡ್ಡ ಪೊಟ್ಟಣ ಇವುಗಳಲ್ಲಿ ಯಾವುದು ನಿಮಗೆ ಸರಿ ಎಂದು ಕೇಳಿಕೊಳ್ಳುವುದೇ ಉಪಯುಕ್ತ.

ಡಿ ಮಾಡುವ ಖಚಿತ ಕೆಲಸ

ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣಗಳು ಚರ್ಮಕ್ಕೆ ತಾಗಿದಾಗ ಅಲ್ಲಿನ ಒಂದು ಬಗೆಯ ಕೊಲೆಸ್ಟ್ರಾಲ್ ವಿಟಮಿನ್ ಡಿ3 ಆಗಿ ಬದಲಾಗುತ್ತದೆ. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಮತ್ತೊಮ್ಮೆ ರೂಪಾಂತರಗೊಂಡ ಬಳಿಕವೇ ಅದು ಕೆಲಸಕ್ಕೆ ಸಿದ್ಧವಾಗುತ್ತದೆ. ಅದರ ಮುಖ್ಯ ಕೆಲಸ ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುವುದು. ಡಿ ತೀರಾ ಕಡಿಮೆಯಾದರೆ ಮಕ್ಕಳಿಗೆ ಕಾಲು ಬಾಗುವ ರಿಕೆಟ್ಸ್ ಬರುತ್ತದೆ. ದೊಡ್ಡವರ ಮೂಳೆ ಮೆತ್ತಗಾಗಿ ಮೈಯೆಲ್ಲ ನೋಯುತ್ತದೆ, ತೊಡೆಯ ಸ್ನಾಯುಗಳು ಸೋತು ಕುಳಿತಲ್ಲಿಂದ ಏಳುವುದೇ ಕಷ್ಟವಾಗುತ್ತದೆ. 1919ರ ಸುಮಾರಿಗೆ ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್‌ಬಿ ನಾಯಿಮರಿಗಳಲ್ಲಿ ಆಹಾರದ ಮೂಲಕವೇ ರಿಕೆಟ್ಸ್ ಬರಿಸಿ, ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಡಿ ಮತ್ತು ಮೂಳೆಯ ಈ ನಂಟನ್ನು ಯಾರೂ ಪ್ರಶ್ನಿಸಿಲ್ಲ. ವಿವಾದವೆಲ್ಲ ಇರುವುದು ಇದರಾಚೆಗಿನ ಭರವಸೆಗಳ ಬಗ್ಗೆ.

ಸಾಮಾನ್ಯ ಆರೋಗ್ಯಕ್ಕೆ ಮಾತ್ರೆ: ಪ್ರಯೋಗಗಳಲ್ಲಿ ಕಂಡದ್ದು

ರಕ್ತದಲ್ಲಿ ಡಿ ಕಡಿಮೆ ಇರುವವರಲ್ಲಿ ಹೃದ್ರೋಗ, ಮಧುಮೇಹ, ಕ್ಯಾನ್ಸರ್, ಖಿನ್ನತೆ ಹೆಚ್ಚು ಎಂದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿತ್ತು. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತೆಂದು ಹೇಳಲಾಗದು. ಕಾಯಿಲೆ ಬಿದ್ದವರು ಮನೆಯಿಂದ ಹೊರಗೆ ಹೋಗುವುದು ಕಡಿಮೆ, ಬಿಸಿಲು ಸಿಗುವುದೂ ಕಡಿಮೆ. ಬೊಜ್ಜಿನ ದೇಹದಲ್ಲಿ ರಕ್ತದ ಡಿ ಮಟ್ಟ ತಗ್ಗಿಯೇ ಇರುತ್ತದೆ. ದೇಹದಲ್ಲಿ ಉರಿಯೂತವಿದ್ದಾಗಲೂ ಆ ಸಂಖ್ಯೆ ಇಳಿಯುತ್ತದೆ. ಕಡಿಮೆ ಡಿ ಕಾಯಿಲೆಗೆ ಕಾರಣವಾಗಿರುವ ಬದಲು ಕಾಯಿಲೆಯ ನೆರಳಾಗಿರುವುದೂ ಸಾಧ್ಯ. ಇದನ್ನು ಬಿಡಿಸಿ ನೋಡಲು ಇರುವ ದಾರಿ ಒಂದೇ: ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಡಿ, ಇನ್ನೊಂದಕ್ಕೆ ಅದೇ ರೂಪದ ಖಾಲಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಗಮನಿಸುವುದು.

ಅಂಥ ಪ್ರಯೋಗಗಳಲ್ಲಿ ಹೆಚ್ಚು ಚರ್ಚೆಯಾದದ್ದು ಅಮೆರಿಕದ ‘ವೈಟಲ್’. 50 ದಾಟಿದ ಗಂಡಸರು ಮತ್ತು 55 ದಾಟಿದ ಹೆಂಗಸರು ಸೇರಿ 25,871 ಮಂದಿ ಇದರಲ್ಲಿ ಭಾಗವಹಿಸಿದರು. ಅವರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2,000 ಯೂನಿಟ್ ಡಿ3 ಕೊಟ್ಟು ಸುಮಾರು 5 ವರ್ಷ ಗಮನಿಸಲಾಯಿತು. 2018ರಲ್ಲಿ ಹೊರಬಂದ ಫಲಿತಾಂಶದಲ್ಲಿ ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತ ಮತ್ತು ಪಾರ್ಶ್ವವಾಯುವಾಗಲಿ ಕಡಿಮೆಯಾಗಿರಲಿಲ್ಲ. ನಂತರ ಪ್ರಕಟವಾದ ವಿಶ್ಲೇಷಣೆಗಳಲ್ಲಿ ಖಿನ್ನತೆಯೂ ತಗ್ಗಿರಲಿಲ್ಲ, ಮೂಳೆ ಮುರಿತವೂ ತಗ್ಗಿರಲಿಲ್ಲ. ಆಸ್ಟ್ರೇಲಿಯಾದ ‘ಡಿ-ಹೆಲ್ತ್’ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 60 ದಾಟಿದ 21,315 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕೊಟ್ಟದ್ದು ನಮ್ಮ ಅಂಗಡಿಗಳ ಪೊಟ್ಟಣದಷ್ಟೇ, ಅಂದರೆ 60,000 ಯೂನಿಟ್, ತಿಂಗಳಿಗೊಮ್ಮೆ, 5 ವರ್ಷಗಳವರೆಗೆ. ಒಟ್ಟು ಸಾವುಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಎಲ್ಲ ಬಾಗಿಲುಗಳೂ ಮುಚ್ಚಿಲ್ಲ. ವೈಟಲ್‌ನಲ್ಲೇ ಸಂಧಿವಾತ, ಸೋರಿಯಾಸಿಸ್‌ನಂಥ ಸ್ವಯಂನಿರೋಧಕ ಕಾಯಿಲೆಗಳು (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆಗಳು) ಡಿ ಪಡೆದವರಲ್ಲಿ ಶೇ. 22ರಷ್ಟು ಕಡಿಮೆ ಇದ್ದವು. ಮೊದಲ 2 ವರ್ಷಗಳನ್ನು ಬಿಟ್ಟು ಲೆಕ್ಕ ಹಾಕಿದಾಗ ಕ್ಯಾನ್ಸರಿನಿಂದಾದ ಸಾವುಗಳೂ ಕಡಿಮೆಯಾದಂತೆ ಕಂಡವು. ಆದರೆ ಇದು ಪ್ರಯೋಗದ ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರವಲ್ಲವಾದ್ದರಿಂದ ಸುಳಿವೆಂದಷ್ಟೇ ಭಾವಿಸುವುದು ಸರಿ. ಮಧುಮೇಹದ ಅಂಚಿನಲ್ಲಿದ್ದ 2,423 ಮಂದಿಯ ಮೇಲೆ ನಡೆದ ‘ಡಿ2ಡಿ’ ಪ್ರಯೋಗದಲ್ಲಿ, ದಿನಕ್ಕೆ 4,000 ಯೂನಿಟ್ ಪಡೆದವರಲ್ಲಿ ಮಧುಮೇಹ ಸ್ವಲ್ಪ ಕಡಿಮೆ ಕಂಡರೂ ಆ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಇಂಥ ಮೂರು ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಲೆಕ್ಕ ಹಾಕಿದಾಗ ಅಪಾಯ ಶೇ. 15ರಷ್ಟು ತಗ್ಗುತ್ತದೆಂದು ಕಂಡಿತು. ನೆಗಡಿ, ಕೆಮ್ಮಿನ ವಿಷಯದಲ್ಲಿ 2017ರಲ್ಲಿ ಕಂಡ ಸಣ್ಣ ಲಾಭ ಹೊಸ ಪ್ರಯೋಗಗಳು ಸೇರಿದಂತೆಲ್ಲ ಇನ್ನಷ್ಟು ಕ್ಷೀಣಿಸಿದೆ.

ಇಲ್ಲಿ ಭಾರತೀಯ ಓದುಗರು ಒಂದು ನ್ಯಾಯವಾದ ಆಕ್ಷೇಪ ಎತ್ತಬಹುದು. ವೈಟಲ್‌ನಲ್ಲಿ ಭಾಗವಹಿಸಿದವರ ರಕ್ತದಲ್ಲಿ ಆರಂಭದಲ್ಲೇ ಪ್ರತಿ ಮಿ.ಲೀ.ಗೆ ಸರಾಸರಿ 30.8 ನ್ಯಾನೋಗ್ರಾಂ ಡಿ ಇತ್ತು. ಅಂದರೆ ಹೊಟ್ಟೆ ತುಂಬಿದವರಿಗೆ ಮತ್ತೆ ಬಡಿಸಿ ಹಸಿವು ಹಿಂಗಿತೇ ಎಂದು ಕೇಳಿದಂತಾಯಿತು. ನಮ್ಮಲ್ಲಿ, 2000ದಲ್ಲೇ ದೆಹಲಿಯ ವೈದ್ಯರು ತೋರಿಸಿದಂತೆ, ಆರೋಗ್ಯವಂತರೆನಿಸಿಕೊಂಡವರಲ್ಲೂ ಆ ಮಟ್ಟ ಬಹಳ ಕೆಳಗಿರುತ್ತದೆ. ಹಾಗಾದರೆ ನಮಗೆ ಲಾಭ ಹೆಚ್ಚಲ್ಲವೇ? ಹಾಗೆ ಆಶಿಸುವುದು ಸಹಜ, ಆದರೆ ಆಶೆಯೇ ಪುರಾವೆಯಾಗದು. ಬಹುತೇಕ ಎಲ್ಲರಿಗೂ ಕೊರತೆ ಇದ್ದ ಮಂಗೋಲಿಯಾದ 8,851 ಶಾಲಾ ಮಕ್ಕಳ ಪ್ರಯೋಗದಲ್ಲಿ ವಾರಕ್ಕೆ 14,000 ಯೂನಿಟ್‌ನಂತೆ 3 ವರ್ಷ ಕೊಟ್ಟರೂ ಕ್ಷಯದ ಸೋಂಕು ಕಡಿಮೆಯಾಗಲಿಲ್ಲ. ದೆಹಲಿಯಲ್ಲೇ, ಹುಟ್ಟುವಾಗ ತೂಕ ಕಡಿಮೆಯಿದ್ದ 2,079 ಶಿಶುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ 1,400 ಯೂನಿಟ್ ಪಡೆದ ಶಿಶುಗಳ ಸಾವು ಅಥವಾ ಆಸ್ಪತ್ರೆ ಸೇರುವಿಕೆ ತಗ್ಗಲಿಲ್ಲ. ಆದರೆ ಆರು ತಿಂಗಳು ತುಂಬುವ ಹೊತ್ತಿಗೆ ಅವರ ಉದ್ದ ಮತ್ತು ತೂಕ ಇತರ ಶಿಶುಗಳಿಗಿಂತ ಉತ್ತಮವಾಗಿದ್ದವು. ಈ ಕೊನೆಯ ಫಲಿತಾಂಶ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ: ಕೊರತೆ ತುಂಬಿದಾಗ ಬೆಳವಣಿಗೆಗೆ ಅನುಕೂಲವಾಯಿತು, ಆದರೆ ಡಿ ಸರ್ವರೋಗಗಳ ಮದ್ದಾಗಲಿಲ್ಲ.

ಮೂಳೆಯ ವಿಷಯದಲ್ಲೂ ಇದೇ ಚಿತ್ರ. 1992ರಲ್ಲಿ ಫ್ರಾನ್ಸ್‌ನ ವೃದ್ಧಾಶ್ರಮಗಳಲ್ಲಿ 3,270 ವಯೋವೃದ್ಧೆಯರ ಮೇಲೆ ನಡೆದ ಪ್ರಯೋಗದಲ್ಲಿ, ದಿನಕ್ಕೆ 800 ಯೂನಿಟ್ ಡಿ ಜೊತೆಗೆ 1.2 ಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಸೊಂಟದ ಮೂಳೆ ಮುರಿತ ಗಣನೀಯವಾಗಿ ಇಳಿಯಿತು. ಹೊರಗೆ ಹೋಗದ, ಊಟ ಕಡಿಮೆಯಾದ, ಕೊರತೆಯಿದ್ದ ಅಜ್ಜಿಯರು ಅವರು. ಓಡಾಡಿಕೊಂಡು ಗಟ್ಟಿಮುಟ್ಟಾಗಿರುವ 60ರ ವ್ಯಕ್ತಿಗೆ ಅದೇ ಲಾಭ ಸಿಗುತ್ತದೆಂದು ಅದರಿಂದ ಹೇಳಲಾಗದು, ಮತ್ತು ವೈಟಲ್‌ನಲ್ಲಿ ಅಂಥ ಲಾಭ ಕಾಣಲೂ ಇಲ್ಲ.

ಬಿಸಿಲೋ, ಊಟವೋ?

ಖರ್ಚಿಲ್ಲದ ಮೊದಲ ಆಯ್ಕೆ ಬಿಸಿಲು. ಆದರೆ ಇದರ ಬಗ್ಗೆ ನಮ್ಮಲ್ಲಿರುವ ಒಂದು ಬಲವಾದ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ. ಮುಂಜಾನೆಯ ಎಳೆಬಿಸಿಲು ಹಿತವಾಗಿರುತ್ತದೆ ನಿಜ, ಆದರೆ ಆ ಹೊತ್ತಿನಲ್ಲಿ ಸೂರ್ಯನ ಕಿರಣಗಳು ಓರೆಯಾಗಿ ವಾತಾವರಣದ ದಪ್ಪ ಪದರವನ್ನು ದಾಟಿ ಬರುವುದರಿಂದ ಯುವಿಬಿ ಬಹುಪಾಲು ಸೋಸಿಹೋಗಿರುತ್ತದೆ. ಚರ್ಮದಲ್ಲಿ ಡಿ ಚೆನ್ನಾಗಿ ತಯಾರಾಗುವುದು ಸುಮಾರು 10ರಿಂದ 3 ಗಂಟೆಯ ನಡುವೆ, ಅಂದರೆ ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ. ಆದ್ದರಿಂದ ಆಫೀಸಿನ ಕಿಟಕಿಯ ಪಕ್ಕ ಕುಳಿತರಾಗಲಿ, ಕಾರಿನೊಳಗೆ ಬಿಸಿಲು ಬಿದ್ದರಾಗಲಿ ಪ್ರಯೋಜನವಿಲ್ಲ. ಕಪ್ಪು ಚರ್ಮದಲ್ಲಿ ಹೆಚ್ಚಿರುವ ಮೆಲನಿನ್ ಕಿರಣಗಳನ್ನು ಹೀರಿಕೊಳ್ಳುವುದರಿಂದ ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು. ವಯಸ್ಸಾದಂತೆ ಚರ್ಮದ ಈ ಸಾಮರ್ಥ್ಯವೂ ಕುಂದುತ್ತದೆ.

ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ, ರಸ್ತೆಬದಿಯ ವ್ಯಾಪಾರದಲ್ಲಿ ದಿನ ಕಳೆಯುವವರಿಗೆ ಈ ಲೆಕ್ಕಾಚಾರದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಬೆಳಿಗ್ಗೆ 9ಕ್ಕೆ ಒಳಗೆ ಹೋಗಿ ಸಂಜೆ 7ಕ್ಕೆ ಹೊರಬರುವವರಿಗೆ, ಮೈ ಪೂರ್ತಿ ಮುಚ್ಚುವ ಉಡುಪು ಧರಿಸುವವರಿಗೆ, ಫ್ಲ್ಯಾಟಿನಿಂದ ಕೆಳಗಿಳಿಯಲಾಗದ ಹಿರಿಯರಿಗೆ, ಬೆಂಗಳೂರಿನ ನೆತ್ತಿಯ ಮೇಲೆ ವರ್ಷವಿಡೀ ಸೂರ್ಯನಿದ್ದರೂ ಅದು ಸಿಕ್ಕಂತಲ್ಲ. ಮಧ್ಯಾಹ್ನದ ಊಟದ ವಿರಾಮದಲ್ಲಿ ತೋಳು ಮುಖಗಳಿಗೆ ಬಿಸಿಲು ತಾಗುವಂತೆ 20-30 ನಿಮಿಷ ನಡೆಯಲು ಸಾಧ್ಯವಾದರೆ ಒಳ್ಳೆಯದು. ಚರ್ಮ ಉರಿಯುವವರೆಗೆ ನಿಲ್ಲುವುದರಿಂದ ಹೆಚ್ಚು ಲಾಭವಿಲ್ಲ. ಬಿಸಿಲಿನ ಒಂದು ದೊಡ್ಡ ಗುಣವೆಂದರೆ ಅದರಿಂದ ಡಿ ವಿಷವಾಗುವಷ್ಟು ಏರುವುದಿಲ್ಲ, ಏಕೆಂದರೆ ಹೆಚ್ಚಾದದ್ದನ್ನು ಚರ್ಮವೇ ನಿಷ್ಕ್ರಿಯ ವಸ್ತುಗಳಾಗಿ ಒಡೆಯುತ್ತದೆ.

ಆಹಾರದಿಂದ ಮಾತ್ರವೇ ಡಿ ಪೂರೈಸಿಕೊಳ್ಳುವುದು ಸಸ್ಯಾಹಾರಿಗಳಿಗೆ ಬಹುತೇಕ ಆಗದ ಮಾತು. ಕರಾವಳಿಯವರು ತಿನ್ನುವ ಬೂತಾಯಿ, ಬಂಗುಡೆಯಂಥ ಎಣ್ಣೆಯಂಶದ ಮೀನುಗಳು ಒಳ್ಳೆಯ ಮೂಲ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್ ಇರುತ್ತದೆ. ‘ಎಫ್’ ಗುರುತಿನ ಬಲವರ್ಧಿತ ಹಾಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಲೀಟರಿಗೆ 200ರಿಂದ 300 ಯೂನಿಟ್ ಇರಬೇಕು; ಒಂದು ಲೋಟಕ್ಕೆ 40-60 ಯೂನಿಟ್ ಎಂದಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಆಗಿರುವಾಗ, ಹಾಲು ಮೊಸರುಗಳು ಅದರ ಸಣ್ಣ ಭಾಗವನ್ನಷ್ಟೇ ತುಂಬಬಲ್ಲವು. ರಾಗಿಯಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿದೆ, ವಿಟಮಿನ್ ಡಿ ಇಲ್ಲ. ಮುದ್ದೆ ಉಣ್ಣುವವರಿಗೆ ಡಿ ಕೊರತೆ ಬಾರದೆಂದು ತಿಳಿಯುವುದು ತಪ್ಪು.

ದಿನದ ಮಾತ್ರೆ, ವಾರದ ಪೊಟ್ಟಣ, ಇಂಜೆಕ್ಷನ್

ಲೇಬಲ್ ಓದುವ ಮುನ್ನ ಒಂದು ಲೆಕ್ಕ ನೆನಪಿರಲಿ: 40 ಯೂನಿಟ್ ಎಂದರೆ 1 ಮೈಕ್ರೋಗ್ರಾಂ. ಹಾಗಾಗಿ 10 ಮೈಕ್ರೋಗ್ರಾಂ ಮಾತ್ರೆ 400 ಯೂನಿಟ್‌ನದು, 25 ಮೈಕ್ರೋಗ್ರಾಂ ಮಾತ್ರೆ 1,000 ಯೂನಿಟ್‌ನದು.

ಕೊರತೆ ಬಾರದಂತೆ ನೋಡಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ದಿನಕ್ಕೆ 400ರಿಂದ 1,000 ಯೂನಿಟ್‌ನ ಸಣ್ಣ ಮಾತ್ರೆಯೇ ಉತ್ತಮ ಆಯ್ಕೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದೇಹಕ್ಕೆ ಅದು ಬಿಸಿಲಿನಂತೆಯೇ ದಿನವೂ ಸ್ವಲ್ಪ ಸ್ವಲ್ಪ ಒದಗುತ್ತದೆ, ಒಂದು ದಿನ ಮರೆತರೂ ನಷ್ಟವಿಲ್ಲ, ತಪ್ಪಿ ಎರಡು ನುಂಗಿದರೂ ಅಪಾಯವಿಲ್ಲ. ಅಂತಃಸ್ರಾವ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಎಂಡೋಕ್ರೈನ್ ಸೊಸೈಟಿಯು 2024ರ ಮಾರ್ಗಸೂಚಿಯಲ್ಲಿ, 50 ದಾಟಿದವರಿಗೆ ಡಿ ಕೊಡುವುದಾದರೆ ಅಪರೂಪಕ್ಕೊಮ್ಮೆ ದೊಡ್ಡ ಪ್ರಮಾಣ ಕೊಡುವ ಬದಲು ದಿನವೂ ಕಡಿಮೆ ಪ್ರಮಾಣ ಕೊಡುವುದೇ ಮೇಲು ಎಂದಿದೆ.

60,000 ಯೂನಿಟ್‌ನ ಪೊಟ್ಟಣ ಅಥವಾ ಕ್ಯಾಪ್ಸೂಲಿಗೂ ಅದರದೇ ಸ್ಥಾನವಿದೆ. ರಕ್ತಪರೀಕ್ಷೆಯಲ್ಲಿ ಕೊರತೆ ಖಚಿತವಾಗಿ, ಮೂಳೆ ನೋವು, ಸ್ನಾಯು ದೌರ್ಬಲ್ಯಗಳಿದ್ದಾಗ ವೈದ್ಯರು ವಾರಕ್ಕೊಂದರಂತೆ 6ರಿಂದ 8 ವಾರ ಬರೆದುಕೊಡುತ್ತಾರೆ. ಖಾಲಿಯಾದ ತಿಜೋರಿಯನ್ನು ಬೇಗ ತುಂಬಲು ಅದು ಸರಿಯಾದ ಉಪಾಯ. ಅಪಾಯ ಶುರುವಾಗುವುದು ಆ ಚೀಟಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ತಾವೇ ಮುಂದುವರಿಸಿದಾಗ, ಅಥವಾ ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿದು ನುಂಗಿದಾಗ. ಮನೆಯ ಹಿರಿಯರಿಗೆ ಇದನ್ನು ಕೊಡುವವರು ಯಾವ ವಾರ ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು.

6 ಲಕ್ಷ ಯೂನಿಟ್‌ನ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳುವ ರೂಢಿಯೂ ಕೆಲವೆಡೆ ಇದೆ. ಕರುಳು ಡಿಯನ್ನು ಹೀರಿಕೊಳ್ಳಲಾಗದ ವಿರಳ ಸಂದರ್ಭಗಳನ್ನು ಬಿಟ್ಟರೆ ಇದನ್ನು ಸಮರ್ಥಿಸುವುದು ಕಷ್ಟ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರ ಮೇಲೆ ನಡೆದು 2010ರಲ್ಲಿ ವರದಿಯಾದ ಪ್ರಯೋಗದಲ್ಲಿ, ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಬಾಯಿಯ ಮೂಲಕ ಪಡೆದವರು ಖಾಲಿ ಮಾತ್ರೆ ಪಡೆದವರಿಗಿಂತ ಹೆಚ್ಚು ಬಾರಿ ಬಿದ್ದರು, ಅವರ ಮೂಳೆಗಳೂ ಹೆಚ್ಚು ಮುರಿದವು. ರಕ್ಷಣೆಗೆಂದು ಕೊಟ್ಟದ್ದೇ ಹಾನಿ ಮಾಡಿದ ಈ ಉದಾಹರಣೆಯನ್ನು ದೊಡ್ಡ ಪ್ರಮಾಣ ಬಯಸುವವರು ಮರೆಯಬಾರದು.

ಡಿ2 ಮತ್ತು ಡಿ3ಗಳ ನಡುವೆ, ರಕ್ತದ ಮಟ್ಟವನ್ನು ಏರಿಸಿ ಕಾಯ್ದುಕೊಳ್ಳುವುದರಲ್ಲಿ ಡಿ3 ಒಂದು ಹೆಜ್ಜೆ ಮುಂದಿದೆ. ಅದು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಪ್ರಾಣಿಮೂಲ ಬೇಡವೆನ್ನುವವರು ಡಿ2 ಅಥವಾ ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಆರಿಸಿಕೊಳ್ಳಬಹುದು. ಯಾವುದೇ ಆದರೂ ಖಾಲಿ ಹೊಟ್ಟೆಗಿಂತ ಎಣ್ಣೆ, ತುಪ್ಪವಿರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೆಯಾಗುತ್ತದೆ.

ಮೊದಲು ಪರೀಕ್ಷೆಯೋ, ನೇರವಾಗಿ ಮಾತ್ರೆಯೋ?

ಎಷ್ಟಿದ್ದರೆ ಸಾಕು ಎಂಬುದರಲ್ಲೇ ತಜ್ಞರಿಗೆ ಒಮ್ಮತವಿಲ್ಲ. 2011ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 20 ನ್ಯಾನೋಗ್ರಾಂ ಇದ್ದರೆ ಬಹುತೇಕ ಎಲ್ಲರ ಮೂಳೆಗೆ ಸಾಕು ಎಂದಿತು. ಅದೇ ವರ್ಷ ಎಂಡೋಕ್ರೈನ್ ಸೊಸೈಟಿ 30 ಬೇಕು ಎಂದಿತು. ಅನೇಕ ಲ್ಯಾಬ್‌ಗಳ ವರದಿಗಳು ಇಂದಿಗೂ ಆ 30ರ ಗೆರೆಯನ್ನೇ ಹಿಡಿದಿರುವುದರಿಂದ 24 ಇದ್ದವರೂ ಗಾಬರಿಯಾಗುತ್ತಾರೆ. ಆ ಸೊಸೈಟಿಯೇ 2024ರಲ್ಲಿ ತನ್ನ 30ರ ಗುರಿಯನ್ನು ಕೈಬಿಟ್ಟಿದೆ, ಮತ್ತು ಆರೋಗ್ಯವಂತ ವಯಸ್ಕರಿಗೆ ವಾಡಿಕೆಯಂತೆ ಈ ಪರೀಕ್ಷೆ ಮಾಡಿಸುವುದು ಬೇಡವೆಂದಿದೆ. ಯಾವ ತೊಂದರೆಯೂ ಇಲ್ಲದವರು ಪರೀಕ್ಷೆಗೆ ಹಣ ಸುರಿಯುವುದಕ್ಕಿಂತ ಅದರ ಸಣ್ಣ ಪಾಲಿನಲ್ಲಿ ತಿಂಗಳುಗಟ್ಟಲೆಯ ಸಣ್ಣ ಮಾತ್ರೆಗಳು ಬರುತ್ತವೆ ಎಂಬುದನ್ನು ಯೋಚಿಸಬಹುದು. ಆದರೆ ಬಿಡದ ಮೂಳೆ ನೋವು, ಸಣ್ಣ ಪೆಟ್ಟಿಗೆ ಮುರಿದ ಮೂಳೆ, ಕರುಳು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ, ದೀರ್ಘಕಾಲದ ಸ್ಟೀರಾಯ್ಡ್ ಅಥವಾ ಮೂರ್ಛೆರೋಗದ ಮಾತ್ರೆ ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಅಗತ್ಯ, ಮತ್ತು ಅದನ್ನು ವೈದ್ಯರು ಹೇಳಿದಂತೆಯೇ ಮಾಡಿಸಬೇಕು.

ಯಾರಿಗೆ ಯಾವುದು

ಎದೆಹಾಲಿನಲ್ಲಿ ಡಿ ಬಹಳ ಕಡಿಮೆ ಇರುವುದರಿಂದ ಶಿಶುಗಳಿಗೆ ಮೊದಲ ವರ್ಷ ದಿನಕ್ಕೆ 400 ಯೂನಿಟ್ ಕೊಡಬೇಕೆಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಇಲ್ಲಿ ಯಾವ ಹಿಂಜರಿಕೆಯೂ ಬೇಡ. ಒಂದೇ ಎಚ್ಚರಿಕೆಯೆಂದರೆ ಮಾರುಕಟ್ಟೆಯಲ್ಲಿ 1 ಮಿ.ಲೀ.ಗೆ 400 ಯೂನಿಟ್‌ನ ಹನಿಗಳೂ 800 ಯೂನಿಟ್‌ನ ಹನಿಗಳೂ ಸಿಗುವುದರಿಂದ ಬಾಟಲಿ ಬದಲಾದಾಗಲೆಲ್ಲ ಅಳತೆಯನ್ನು ಮತ್ತೆ ನೋಡಿಕೊಳ್ಳಬೇಕು. 75 ದಾಟಿದವರಿಗೆ, ಅದರಲ್ಲೂ ಮನೆಯೊಳಗೇ ಇರುವವರಿಗೆ, ಪರೀಕ್ಷೆ ಇಲ್ಲದೆಯೂ ದಿನದ ಸಣ್ಣ ಮಾತ್ರೆ ಸಮಂಜಸ. ಬೆಳೆಯುವ ಮಕ್ಕಳು, ಗರ್ಭಿಣಿಯರು ಮತ್ತು ಮಧುಮೇಹದ ಅಂಚಿನಲ್ಲಿರುವವರು ಕೂಡ 2024ರ ಮಾರ್ಗಸೂಚಿಯ ಪ್ರಕಾರ ಇದೇ ಪಟ್ಟಿಗೆ ಸೇರುತ್ತಾರೆ. ಗರ್ಭಿಣಿಯರು ಪ್ರಮಾಣವನ್ನು ತಮ್ಮ ವೈದ್ಯರಿಂದಲೇ ತಿಳಿಯಬೇಕು. ಹೊರಗೆ ಓಡಾಡುವ, ಚೆನ್ನಾಗಿ ಉಣ್ಣುವ, 20ರಿಂದ 70ರ ನಡುವಿನ ಆರೋಗ್ಯವಂತರಿಗೆ ಮಾತ್ರೆಯಿಂದ ಹೆಚ್ಚಿನ ಲಾಭದ ಪುರಾವೆ ಇಲ್ಲ. ಒಳಗೇ ಕೆಲಸ ಮಾಡುವ ಸಸ್ಯಾಹಾರಿಗಳು ದಿನಕ್ಕೆ 600 ಯೂನಿಟ್‌ನಷ್ಟು ತೆಗೆದುಕೊಂಡರೆ ಅದು ಔಷಧಿಯೆನಿಸುವುದಿಲ್ಲ, ಆಹಾರದ ಕೊರತೆ ತುಂಬಿದಂತೆ.

ಲಂಡನ್ ಅಥವಾ ಟೊರೊಂಟೊದಲ್ಲಿ ನೆಲೆಸಿದ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿ ಚಳಿಗಾಲದ ತಿಂಗಳುಗಳಲ್ಲಿ ನಡುಮಧ್ಯಾಹ್ನವೂ ಚರ್ಮದಲ್ಲಿ ಡಿ ತಯಾರಾಗುವಷ್ಟು ಯುವಿಬಿ ಇರುವುದಿಲ್ಲ. ಬ್ರಿಟನ್ ಸರ್ಕಾರ ಶರತ್ಕಾಲ ಮತ್ತು ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂದೂ, ದಕ್ಷಿಣ ಏಷ್ಯಾದವರಂತೆ ಕಪ್ಪು ಚರ್ಮದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಪರಿಗಣಿಸಬೇಕೆಂದೂ ಹೇಳುತ್ತದೆ. ಊರಿನಿಂದ ಬರುವ ಅಪ್ಪ ಅಮ್ಮಂದಿರು ಚಳಿಗಾಲವಿಡೀ ಮಕ್ಕಳ ಮನೆಯಲ್ಲಿ ಉಳಿಯುವುದಾದರೆ ಅವರಿಗೂ ಇದೇ ಮಾತು ಅನ್ವಯಿಸುತ್ತದೆ.

ಯಾವಾಗ ನಿಲ್ಲಿಸಬೇಕು

ವೈದ್ಯರ ಸಲಹೆಯಿಲ್ಲದೆ ದೊಡ್ಡವರು ದಿನಕ್ಕೆ 4,000 ಯೂನಿಟ್ ದಾಟಬಾರದು. ಕೊಬ್ಬಿನಲ್ಲಿ ಕರಗುವ ಡಿ ದೇಹದಲ್ಲಿ ಶೇಖರವಾಗುತ್ತದೆ. ಅತಿಯಾದಾಗ ರಕ್ತದ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಮಲಬದ್ಧತೆ, ಗೊಂದಲ ಕಾಣಿಸಿಕೊಂಡು ಕೊನೆಗೆ ಮೂತ್ರಪಿಂಡಕ್ಕೇ ಹಾನಿಯಾಗಬಹುದು. ಈ ಲಕ್ಷಣಗಳು ಕಂಡರೆ ಮಾತ್ರೆ ನಿಲ್ಲಿಸಿ, ತೆಗೆದುಕೊಂಡ ಪೊಟ್ಟಣಗಳ ಲೆಕ್ಕ ಹೇಳಿ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಡಿ ಜೊತೆ ಕ್ಯಾಲ್ಸಿಯಂ ಸೇರಿರುವ ಮಾತ್ರೆಗಳನ್ನು ಕೇಳದೆ ನುಂಗಬಾರದು; 36,282 ಮಹಿಳೆಯರ ಅಮೆರಿಕದ ಪ್ರಯೋಗವೊಂದರಲ್ಲಿ ಈ ಜೋಡಿ ಪಡೆದವರಲ್ಲಿ ಕಲ್ಲುಗಳು ಶೇ. 17ರಷ್ಟು ಹೆಚ್ಚಾದವು. ರಕ್ತದೊತ್ತಡಕ್ಕೆ ಥಯಜೈಡ್ ಗುಂಪಿನ ಮಾತ್ರೆ, ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು ಮತ್ತು ಕ್ಷಯ ಅಥವಾ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಇರುವವರು ಡಿ ಶುರು ಮಾಡುವ ಮುನ್ನವೇ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಮಲ್ಟಿವಿಟಮಿನ್, ಕ್ಯಾಲ್ಸಿಯಂ ಮಾತ್ರೆ, ಪ್ರೋಟೀನ್ ಪುಡಿ ಮೂರರಲ್ಲೂ ಡಿ ಇರುವ ಸಾಧ್ಯತೆ ಇರುವುದರಿಂದ, ಹೊಸ ಮಾತ್ರೆ ಕೊಳ್ಳುವ ಮುನ್ನ ಮನೆಯಲ್ಲಿರುವ ಡಬ್ಬಗಳ ಲೇಬಲ್‌ಗಳನ್ನು ಒಟ್ಟಿಗಿಟ್ಟು ಯೂನಿಟ್‌ಗಳನ್ನು ಕೂಡಿ ನೋಡಿ.